ಅಂಗೈಯಗಲದ ಕ್ಯಾಮೆರಾ: ಒಂದು ನೂರು ವರ್ಷದ ಲೆಕ್ಕ

‘ಗಾತ್ರದಲ್ಲಿ ಚಿಕ್ಕದು, ಆದರೂ ಫುಲ್ ಫ್ರೇಮ್’ ಎಂಬ ಹೊಗಳಿಕೆಯ ಮಿರರ್‌ಲೆಸ್ ಕ್ಯಾಮೆರಾಗಳನ್ನು ಕೊಳ್ಳಬಹುದೇ ಎಂದು ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಉತ್ತರಕ್ಕಿಂತ ಮೊದಲು ಉತ್ತರ ತೆಗೆಯುವ ಕ್ರಮವನ್ನು ತಿಳಿಸುವುದು ಮೇಷ್ಟ್ರುಗಳ ಹಳೆಯ ಅಭ್ಯಾಸ. ಆದುದರಿಂದ ಸ್ವಲ್ಪ ಇತಿಹಾಸ.

ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಸಂಸ್ಥೆಯನ್ನು ಆಸ್ಕರ್ ಬಾರ್ನಾಕ್ 1911ರಲ್ಲಿ ಸೇರಿದರು. ಅವರಿಗೆ ಉಬ್ಬಸ. ಗಾಜಿನ ಫಲಕಗಳ ಭಾರವಾದ ಕ್ಯಾಮೆರಾವನ್ನು ಹೊತ್ತು ತಿರುಗುವುದು ಅವರಿಂದಾಗದ ಕೆಲಸ. ಸಿನಿಮಾ ಫಿಲ್ಮಿನ ಒಂದು ಚೌಕಟ್ಟು 24×18 ಮಿ.ಮೀ. ಬಾರ್ನಾಕ್ ಫಿಲ್ಮನ್ನು ಅಡ್ಡಲಾಗಿ ಹಾಯಿಸಿ ಎರಡು ಚೌಕಟ್ಟುಗಳನ್ನು ಒಂದಾಗಿಸಿದರು. 36×24, ಎಂದರೆ 864 ಚದರ ಮಿ.ಮೀ. ಮೊದಲ ಮಾದರಿ 1914ರ ಹೊತ್ತಿಗೆ ಸಿದ್ಧವಾಯಿತು. ಆದರೆ ಮಹಾಯುದ್ಧ ಬಂದು, ‘ಲೈಕಾ’ ಎಂಬ ಹೆಸರಿನಲ್ಲಿ ಅದು ಲೈಪ್‌ಜಿಗ್ ಮೇಳದಲ್ಲಿ ಕಾಣಿಸಿಕೊಂಡದ್ದು 1925ರಲ್ಲಿ.

ಅಂದು ಆ ಅಳತೆಯನ್ನು ‘ಮಿನಿಯೇಚರ್’ ಎಂದು ಕರೆಯುತ್ತಿದ್ದರು. ಇಂದು ಅದೇ ಅಳತೆಗೆ ‘ಫುಲ್ ಫ್ರೇಮ್’ ಎಂಬ ಗೌರವ! ಚಿಕ್ಕದು, ದೊಡ್ಡದು ಎಂಬುವು ಹೋಲಿಕೆಯ ಮಾತುಗಳೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಆ ಚಿಕ್ಕತನದಿಂದ ಆದ ಲಾಭವೇನು? ಛಾಯಾಗ್ರಾಹಕನು ಜನರ ನಡುವೆ ನಿಲ್ಲುವಂತಾಯಿತು. ಹೆನ್ರಿ ಕಾರ್ಟಿಯೆ-ಬ್ರೆಸ್ಸೋನ್ ಲೈಕಾ ಹಿಡಿದು 1948ರಲ್ಲಿ ದೆಹಲಿಯಲ್ಲಿದ್ದರು. ಜನವರಿ 30ರಂದು ಗಾಂಧೀಜಿಯವರನ್ನು ಕಂಡರು. ಮರುದಿನ ಅವರ ಅಂತಿಮಯಾತ್ರೆಯ ಶೋಕವನ್ನು ಚಿತ್ರಿಸಿದರು. ಆ ಜನಸಾಗರದ ನಡುವೆ ದೊಡ್ಡ ಪೆಟ್ಟಿಗೆಯನ್ನು ಹೊತ್ತವನಿಗೆ ಅದು ಸುಲಭವಾಗುತ್ತಿರಲಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಎಸ್‌ಎಲ್‌ಆರ್ ಕ್ಯಾಮೆರಾದೊಳಗಿನ ಕನ್ನಡಿಯನ್ನು ತೆಗೆದುದರಿಂದ ಕ್ಯಾಮೆರಾದ ಒಡಲು ತೆಳುವಾಯಿತು. 2013ರಲ್ಲಿ ಸೋನಿ ಎ7 ಬಂದಿತು. 2020ರಲ್ಲಿ ಇನ್ನೂ ಅಡಕವಾದ ಎ7ಸಿ. ಬ್ಯಾಟರಿ, ಕಾರ್ಡು ಸೇರಿ ಅದರ ತೂಕ 509 ಗ್ರಾಂ. ಆದರೆ 864 ಚದರ ಮಿ.ಮೀ. ಸಂವೇದಕವನ್ನು ಮೂಲೆಮೂಲೆಗೂ ಬೆಳಗಬೇಕಾದ ಮಸೂರ, ಕನ್ನಡಿ ಹೋಯಿತೆಂದು ತಾನೂ ಕುಗ್ಗಲಾರದು. ಲೆಕ್ಕ ನೋಡಿ: ಜತೆಗೆ ಬರುವ 28-60 ಮಿ.ಮೀ. ಮಸೂರ 167 ಗ್ರಾಂ, ಒಟ್ಟು 676. ಅದೇ ಒಡಲಿಗೆ ಎಫ್/2.8ರ ಮೊದಲ 24-70 ಜಿ-ಮಾಸ್ಟರ್ ಹಾಕಿದರೆ 886 ಗ್ರಾಂ ಕೂಡಿ 1,395. ಎರಡರಷ್ಟಕ್ಕೂ ಹೆಚ್ಚು! ಬಾರ್ನಾಕರ ಸಹೋದ್ಯೋಗಿ ಮ್ಯಾಕ್ಸ್ ಬೆರೆಕ್ ಇದನ್ನು ಅಂದೇ ಅರಿತಿದ್ದರು. ಅವರು ರೂಪಿಸಿದ್ದು ಎಫ್/3.5ರ ಸಾಧಾರಣ ಮಸೂರ. ಬಳಸದಿರುವಾಗ ಅದನ್ನು ಒಳಕ್ಕೆ ತಳ್ಳಬಹುದಾಗಿತ್ತು.

ಒಡಲು ಕುಗ್ಗಿದರೆ ಬೇರೆ ಬೆಲೆಯನ್ನೂ ತೆರಬೇಕು. ಎ7ಸಿಯ ವ್ಯೂಫೈಂಡರ್ 0.59 ಪಟ್ಟು ಮಾತ್ರ; ಅಣ್ಣನಾದ ಎ7 IIIರಲ್ಲಿ 0.78. ಕಾರ್ಡಿಗೆ ಒಂದೇ ಕಿಂಡಿ. ಮಗಳ ಶಾಲಾ ವಾರ್ಷಿಕೋತ್ಸವಕ್ಕೆ ಇದು ಕೊರತೆಯಲ್ಲ. ಇತರರ ಮದುವೆಯ ಚಿತ್ರಗಳ ಹೊಣೆ ಹೊತ್ತವರಿಗೆ ಮಾತ್ರ ಎರಡನೆಯ ಪ್ರತಿ ಇಲ್ಲದಿರುವುದು ದೊಡ್ಡ ಅಪಾಯ.

ಆದುದರಿಂದ, ಪ್ರಿಯ ವಿದ್ಯಾರ್ಥಿಗಳೇ, ಅಂಗಡಿಯಲ್ಲಿ ಬರಿಯ ಕ್ಯಾಮೆರಾವನ್ನು ಕೈಗೆತ್ತಿಕೊಂಡು ಮಾರುಹೋಗಬೇಡಿ. ನೀವು ನಿಜವಾಗಿ ಬಳಸುವ ಮಸೂರವನ್ನು ಅದಕ್ಕೆ ಹಾಕಿಸಿ ಕೊರಳಿಗೆ ತೂಗುಹಾಕಿಕೊಳ್ಳಿ; ಕನ್ನಡಕ ಹಾಕುವವರು ಹಾಕಿಕೊಂಡೇ ವ್ಯೂಫೈಂಡರಿನಲ್ಲಿ ಇಣುಕಿ. ಹತ್ತು ನಿಮಿಷ ಹಾಗೆಯೇ ಓಡಾಡಿ. ಬೆಲೆಯ ವಿಚಾರವನ್ನು ಆಮೇಲೆ ಮಾತಾಡಿದರಾಯಿತು.