ಗ್ರಾಮಸ್ವಾವಲಂಬನೆಯ ಸಾಧನಗಳು: ರಾಟೆಯ ಸುಧಾರಣೆಯ ಇತಿಹಾಸದ ಒಂದು ಪರಿಶೀಲನೆ

ಗ್ರಾಮವು ತನ್ನ ಅವಶ್ಯಕತೆಗಳನ್ನು ತಾನೇ ಪೂರೈಸಿಕೊಳ್ಳಬೇಕೆಂಬ ವಿಚಾರವು ಇಪ್ಪತ್ತನೆಯ ಶತಮಾನದ ಭಾರತದ ಇತಿಹಾಸಗ್ರಂಥಗಳಲ್ಲಿ ಬಹುಮಟ್ಟಿಗೆ ತತ್ತ್ವದ ರೂಪದಲ್ಲಿಯೇ ಚರ್ಚಿತವಾಗಿದೆ. ಸ್ವದೇಶಿ, ಸ್ವರಾಜ್ಯ, ಗ್ರಾಮೋದ್ಯೋಗ ಎಂಬ ಶಬ್ದಗಳ ಅರ್ಥವ್ಯಾಪ್ತಿಯನ್ನು ಕುರಿತು ವಿದ್ವಾಂಸರು ಬಹಳಷ್ಟು ಬರೆದಿದ್ದಾರೆ. ಆದರೆ ಆ ತತ್ತ್ವವನ್ನು ಕಾರ್ಯರೂಪಕ್ಕೆ ತರಲು ಹೊರಟವರು ದಿನನಿತ್ಯ ಎದುರಿಸಿದ ಪ್ರಶ್ನೆಗಳು ಮರ, ಕಬ್ಬಿಣ, ದಾರ, ಕೀಲುಗಳಿಗೆ ಸಂಬಂಧಿಸಿದವು. ಪ್ರಸ್ತುತ ಲೇಖನದಲ್ಲಿ ಮುಖ್ಯವಾಗಿ ರಾಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸಲು ಯತ್ನಿಸಲಾಗಿದೆ. ಗ್ರಾಮೋಪಯೋಗಿ ಸಾಧನವನ್ನು ಅಳೆಯಲು ಎರಡು ಮಾನದಂಡಗಳುಂಟು. ಅದು ದಿನಕ್ಕೆ ಎಷ್ಟು ಕೆಲಸ ಕೊಡುತ್ತದೆ ಎಂಬುದು ಮೊದಲನೆಯದು; ಅದನ್ನು ಮಾಡುವವರು ಮತ್ತು ಕೆಟ್ಟಾಗ ಸರಿಪಡಿಸುವವರು ಎಲ್ಲಿರುತ್ತಾರೆ ಎಂಬುದು ಎರಡನೆಯದು. ಮೊದಲನೆಯ ಲೆಕ್ಕವನ್ನು ಎಲ್ಲರೂ ಇಟ್ಟರು. ಎರಡನೆಯದನ್ನು ಅಲಕ್ಷಿಸಿದಾಗಲೆಲ್ಲ ಸ್ವಾವಲಂಬನೆಗಾಗಿ ಹುಟ್ಟಿದ ಸಾಧನವೇ ಹೊಸದೊಂದು ಪರಾವಲಂಬನೆಗೆ ಕಾರಣವಾಯಿತೆಂಬುದನ್ನು ಮುಂದಿನ ವಿವರಗಳು ತೋರಿಸುತ್ತವೆ.

ಸತ್ಯಾಗ್ರಹಾಶ್ರಮವು 1915ರಲ್ಲಿ ಅಹಮದಾಬಾದಿನ ಕೊಚರಬದಲ್ಲಿ ಸ್ಥಾಪಿತವಾಗಿ, 1917ರಲ್ಲಿ ಸಾಬರಮತಿಯ ದಡಕ್ಕೆ ಬಂದಿತು. 1909ರಲ್ಲಿ ‘ಹಿಂದ್ ಸ್ವರಾಜ್’ ಗ್ರಂಥವನ್ನು ಬರೆಯುವ ಕಾಲಕ್ಕೆ ತಾವು ಕೈಮಗ್ಗವನ್ನಾಗಲಿ ರಾಟೆಯನ್ನಾಗಲಿ ಕಂಡ ನೆನಪಿಲ್ಲವೆಂದು ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆಶ್ರಮವಾಸಿಗಳು ಮೊದಲು ಕಲಿತದ್ದು ನೇಯ್ಗೆಯನ್ನು. ಕೈಯಿಂದ ನೇಯ್ದರೂ ನೂಲು ಗಿರಣಿಯಿಂದಲೇ ಬರಬೇಕಾಗಿದ್ದುದರಿಂದ ಆಶ್ರಮವು ಗಿರಣಿಗಳಿಗೆ ಗಿರಾಕಿಯನ್ನು ಒದಗಿಸುವ ಸಂಸ್ಥೆಯಂತಾಯಿತು. ರಾಟೆಗಾಗಿ ಹುಡುಕಾಟ ಆರಂಭವಾದದ್ದು ಆಗ. 1917ರಲ್ಲಿ ಭರೂಚಿನ ಶಿಕ್ಷಣ ಸಮ್ಮೇಳನದಲ್ಲಿ ಪರಿಚಯವಾದ ಗಂಗಾಬೆನ್ ಮಜುಮ್‌ದಾರರು ಬಹುದಿನ ಅಲೆದು, ಬರೋಡ ಸಂಸ್ಥಾನದ ವಿಜಾಪುರದಲ್ಲಿ ಅಟ್ಟ ಸೇರಿದ್ದ ರಾಟೆಗಳನ್ನು ಪತ್ತೆಮಾಡಿದರು. ಹಂಜಿಯನ್ನು ಕ್ರಮವಾಗಿ ಒದಗಿಸಿ ನೂಲನ್ನು ಕೊಳ್ಳುವುದಾದರೆ ತಾವು ಮತ್ತೆ ನೂಲುವೆವೆಂದು ಅಲ್ಲಿನವರು ಒಪ್ಪಿದರು.

ಆದರೆ ಹಂಜಿ ಎಲ್ಲಿಂದ ಬರಬೇಕು? ಆರಂಭದಲ್ಲಿ ಅದು ಉಮರ್ ಸೋಬಾನಿಯವರ ಗಿರಣಿಯಿಂದ ಬಂದಿತು. ಗಿರಣಿಯ ನೂಲನ್ನು ಬಿಟ್ಟು ಗಿರಣಿಯ ಹಂಜಿಯನ್ನು ಹಿಡಿದರೆ ಆದ ಲಾಭವೇನೆಂಬ ಸಂಕೋಚ ಗಾಂಧೀಜಿಯವರನ್ನು ಬಾಧಿಸಿತು. ಕೊನೆಗೆ ತಿಂಗಳಿಗೆ 35 ರೂಪಾಯಿಗಳಂತೆ ಒಬ್ಬ ಪಿಂಜಾರನನ್ನು ನೇಮಿಸಿಕೊಂಡು, ಹಿಂಜಿದ ಅರಳೆಯಿಂದ ಹಂಜಿ ಮಾಡುವುದನ್ನು ಕೆಲವು ಯುವಕರಿಗೆ ಕಲಿಸಲಾಯಿತು. ಇಲ್ಲಿ ಗಮನಾರ್ಹವಾದ ಅಂಶವೊಂದಿದೆ. ಬಟ್ಟೆಯ ಹಿಂದೆ ನೂಲು, ನೂಲಿನ ಹಿಂದೆ ರಾಟೆ, ರಾಟೆಯ ಹಿಂದೆ ಹಂಜಿ, ಹಂಜಿಯ ಹಿಂದೆ ಹಿಂಜುವವನ ಬಿಲ್ಲು, ಅದರ ಹಿಂದೆ ಹತ್ತಿ—ಹೀಗೆ ಸ್ವಾವಲಂಬನೆಯೆಂಬುದು ಒಂದು ಸರಪಳಿಯಾಗಿತ್ತು. ಅದರ ಯಾವ ಕೊಂಡಿ ಹೊರಗಿನವರ ಕೈಯಲ್ಲಿದ್ದರೂ ಉಳಿದ ಕೊಂಡಿಗಳ ಸ್ವಾತಂತ್ರ್ಯ ಅಷ್ಟರಮಟ್ಟಿಗೆ ಕುಂದುತ್ತಿತ್ತು.

ಆಶ್ರಮದಲ್ಲಿ ರಾಟೆಯ ಸುಧಾರಣೆಯ ಹೊಣೆಯನ್ನು ಹೊತ್ತವರು ಮಗನಲಾಲ್ ಗಾಂಧಿಯವರು. ರಾಟೆ ಮತ್ತು ಅದರ ಉಪಕರಣಗಳು ಅವರ ಮೇಲ್ವಿಚಾರಣೆಯಲ್ಲಿ ಅಲ್ಲಿಯೇ ತಯಾರಾಗತೊಡಗಿದವು. 1925ರಲ್ಲಿ ಅಖಿಲ ಭಾರತ ಚರಖಾ ಸಂಘ ಸ್ಥಾಪನೆಯಾಯಿತು. 1928ರಲ್ಲಿ ಮಗನಲಾಲರು ತೀರಿಕೊಂಡರು. ಅದೇ ವರ್ಷ ಅಮೆರಿಕದ ರಿಚರ್ಡ್ ಗ್ರೆಗ್ ಅವರು ಖಾದಿಯ ಅರ್ಥಶಾಸ್ತ್ರವನ್ನು ಕುರಿತ ತಮ್ಮ ಗ್ರಂಥದಲ್ಲಿ, ಖಾದಿಯನ್ನು ಭಾವನೆಯ ವಿಷಯವೆನ್ನದೆ ಎಂಜಿನಿಯರಿಂಗಿನ ವಿಷಯವಾಗಿ ಪರಿಗಣಿಸಬೇಕೆಂದು ವಾದಿಸಿದರು. ಸೂರ್ಯನ ಶಕ್ತಿ ಅನ್ನವಾಗಿ ಮನುಷ್ಯರ ದೇಹವನ್ನು ಸೇರುತ್ತದೆ. ಕೆಲಸವಿಲ್ಲದ ತಿಂಗಳುಗಳಲ್ಲಿ ರೈತನಲ್ಲಿ ವ್ಯರ್ಥವಾಗುವ ಆ ಶಕ್ತಿಯನ್ನು ಬಳಸಿಕೊಳ್ಳುವ ಯಂತ್ರವೇ ರಾಟೆ ಎಂಬುದು ಅವರ ಅಭಿಪ್ರಾಯವಾಗಿತ್ತು.

1929ರಲ್ಲಿ ಚರಖಾ ಸಂಘವು ಸುಧಾರಿತ ರಾಟೆಗೆ 1,00,000 ರೂಪಾಯಿಗಳ ಬಹುಮಾನವನ್ನು ಘೋಷಿಸಿತು. ಅದರ ಷರತ್ತುಗಳು ಇತಿಹಾಸದ ವಿದ್ಯಾರ್ಥಿಗೆ ಅತ್ಯಂತ ಬೋಧಪ್ರದವಾಗಿವೆ. ಯಂತ್ರವು ಹಗುರವಾಗಿದ್ದು, ಹಳ್ಳಿಯ ಸಾಧಾರಣ ಮನೆಯಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯುವಂತಿರಬೇಕು. ಹೆಂಗಸೊಬ್ಬಳು ಹೆಚ್ಚು ಆಯಾಸವಿಲ್ಲದೆ 8 ಗಂಟೆ ಕೆಲಸಮಾಡುವಂತಿರಬೇಕು. ಆ ಅವಧಿಯಲ್ಲಿ 12ರಿಂದ 20ನೆಯ ನಂಬರಿನ 16,000 ಗಜ ನೂಲು ಬರಬೇಕು. ಭಾರತದಲ್ಲಿ 150 ರೂಪಾಯಿಗಳಿಗೆ ಮೀರದಂತೆ ತಯಾರಾಗಬೇಕು. 20 ವರ್ಷ ಬಾಳಬೇಕು. ವರ್ಷದ ದುರಸ್ತಿಯ ವೆಚ್ಚ ಬೆಲೆಯ ಶೇಕಡ 5ನ್ನು ಮೀರಬಾರದು.

ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. 8 ಗಂಟೆಗೆ 16,000 ಗಜವೆಂದರೆ ಗಂಟೆಗೆ 2,000 ಗಜ. ಹಳೆಯ ರಾಟೆಯಲ್ಲಿ ನುರಿತ ಕೈಗೂ ಕೆಲವು ನೂರು ಗಜಗಳಷ್ಟೇ ಸಾಧ್ಯವಾಗುತ್ತಿತ್ತು. ಒಂದು ಪೌಂಡು ತೂಕದಲ್ಲಿ 840 ಗಜದ ಎಷ್ಟು ಲಡಿಗಳಿವೆಯೋ ಅದೇ ನೂಲಿನ ನಂಬರು. ಆದಕಾರಣ 20ನೆಯ ನಂಬರಿನ 16,000 ಗಜವೆಂದರೆ ಒಂದು ಪೌಂಡಿಗೆ ತುಸು ಕಡಿಮೆ. 12ನೆಯ ನಂಬರಾದರೆ ಸುಮಾರು ಒಂದೂವರೆ ಪೌಂಡು. ಒಂದು ಮನೆಯಿಂದ ದಿನಕ್ಕೆ ಇಷ್ಟು ನೂಲು ಹೊರಟರೆ ನೂಲುವವಳ ಕೂಲಿ ಅದಕ್ಕೆ ತಕ್ಕಂತೆ ಏರುತ್ತಿತ್ತು. ದುರಸ್ತಿಯ ಬಾಬು ವರ್ಷಕ್ಕೆ ಹೆಚ್ಚೆಂದರೆ ಏಳೂವರೆ ರೂಪಾಯಿ. 20 ವರ್ಷಕ್ಕೆ 150 ರೂಪಾಯಿ, ಅಂದರೆ ಯಂತ್ರದ ಮೂಲ ಬೆಲೆಯಷ್ಟೇ ಆಗುತ್ತದೆ. ಷರತ್ತುಗಳನ್ನು ಬರೆದವರು ದುರಸ್ತಿಯನ್ನು ಮರೆತಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಆದರೆ ಅವರು ಗೊತ್ತುಮಾಡಿದ್ದು ದುರಸ್ತಿಯ ವೆಚ್ಚವನ್ನು. ಅದು ಊರಿನ ಬಡಗಿ, ಕಮ್ಮಾರರಿಂದಲೇ ಆಗಬೇಕೆಂದು ಅವರು ವಿಧಿಸಲಿಲ್ಲ. ಯಂತ್ರ ಭಾರತದಲ್ಲಿ ತಯಾರಾಗಬೇಕೆಂದರು, ಹಳ್ಳಿಯಲ್ಲಿ ತಯಾರಾಗಬೇಕೆನ್ನಲಿಲ್ಲ. ದೇಶದ ಸ್ವಾವಲಂಬನೆ ಮತ್ತು ಗ್ರಾಮದ ಸ್ವಾವಲಂಬನೆ ಎಂಬ ಎರಡು ಭಿನ್ನ ಸಂಗತಿಗಳು ಈ ಷರತ್ತುಗಳಲ್ಲಿ ಒಂದಾಗಿ ಬೆರೆತುಹೋಗಿವೆ.

ಕಬ್ಬಿಣದ ನೇಗಿಲಿನಿಂದ ಹೆಸರಾಗಿದ್ದ ಕಿರ್ಲೋಸ್ಕರವಾಡಿಯಿಂದಲೂ ಒಂದು ಯಂತ್ರ ಪರೀಕ್ಷೆಗೆ ಬಂದಿತು. ಆದರೆ ಷರತ್ತುಗಳೆಲ್ಲವನ್ನೂ ಪೂರೈಸಿದ ಯಂತ್ರ ದೊರೆಯದೆ, ಬಹುಮಾನ ಯಾರಿಗೂ ಸಲ್ಲಲಿಲ್ಲ. ಹೆಚ್ಚು ನೂಲು ಬೇಕೆಂದರೆ ಹೆಚ್ಚು ಕದಿರು, ಹೆಚ್ಚು ಚಕ್ರ, ನಯವಾಗಿ ಕಡೆದ ಲೋಹದ ಭಾಗಗಳು ಬೇಕು. ಅವು ಹೆಚ್ಚಿದಂತೆ ತೂಕ, ಬೆಲೆ, ದುರಸ್ತಿ ಮೂರೂ ಹೆಚ್ಚುತ್ತವೆ. ಷರತ್ತುಗಳು ಒಂದನ್ನೊಂದು ವಿರೋಧಿಸುತ್ತಿದ್ದವು.

ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದ ಸಾಧನ ಧನುಷ್ ತಕಲಿ. ಇದನ್ನು ರೂಪಿಸಿದ ಮಾರಿಸ್ ಫ್ರಿಡ್ಮನ್ ಅವರು ಪೋಲೆಂಡಿನಲ್ಲಿ ಹುಟ್ಟಿದ ಎಂಜಿನಿಯರ್. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ನಡೆಸಿದವರು. ಮುಂದೆ ಗಾಂಧೀಜಿಯವರ ಬಳಗವನ್ನು ಸೇರಿ ಭಾರತಾನಂದರೆಂಬ ಹೆಸರನ್ನು ಪಡೆದರು. ವಿದ್ಯುದ್ಯಂತ್ರಗಳ ನಡುವಿನಿಂದ ಬಂದ ಈ ತಜ್ಞರು ರಚಿಸಿದ ಸಾಧನದಲ್ಲಿ ಚಕ್ರವೇ ಇಲ್ಲವೆಂಬುದು ವಿಶೇಷ. ಚಿಕ್ಕ ಆಧಾರದ ಮೇಲೆ ಒಂದು ಕದಿರು. ಬಿಲ್ಲಿಗೆ ಬಿಗಿದ ಪಟ್ಟಿಯನ್ನು ಆ ಕದಿರಿನ ಮೇಲೆ ಎಳೆದರೆ ಅದು ತಿರುಗುತ್ತದೆ, ಇನ್ನೊಂದು ಕೈ ನೂಲೆಳೆಯುತ್ತದೆ. ಬಿದಿರು, ಮರ, ತಂತಿಯ ತುಂಡು ಇಷ್ಟಿದ್ದರೆ ಸಾಕು. ನೂಲುವವರೇ ಅದನ್ನು ಮಾಡಿಕೊಳ್ಳಬಹುದು, ಮುರಿದರೆ ತಾವೇ ಕಟ್ಟಿಕೊಳ್ಳಬಹುದು. ಎರಡನೆಯ ಮಾನದಂಡದಿಂದ ನೋಡಿದರೆ ಇದಕ್ಕಿಂತ ಸ್ವತಂತ್ರವಾದ ಸಾಧನ ಕಾಣಸಿಗದು. ಆದರೆ ಮೊದಲನೆಯ ಮಾನದಂಡದಿಂದ ಅದು ಸೋಲುತ್ತದೆ. ಒಂದೇ ಕದಿರಿನ ನೂಲಿನಿಂದ ಸಂಸಾರ ನಡೆಯಲಾರದು. ನೂಲುವವರಿಗೆ ಜೀವನಕ್ಕೆ ಸಾಲುವಷ್ಟು ಕೂಲಿ ದೊರೆಯಬೇಕೆಂದು 1935ರಲ್ಲಿ ಚರಖಾ ಸಂಘವೇ ನಿರ್ಣಯಿಸಿತ್ತೆಂಬುದನ್ನು ನೆನೆದರೆ ಈ ಕೊರತೆಯನ್ನು ಅಲ್ಪವೆನ್ನುವಂತಿಲ್ಲ.

ಇದೇ ಕಾಲದಲ್ಲಿ ಪ್ರಯೋಗದ ಕ್ಷೇತ್ರ ರಾಟೆಯನ್ನು ದಾಟಿ ವಿಸ್ತರಿಸಿತು. 1934ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಆರಂಭವಾಯಿತು, ಜೆ. ಸಿ. ಕುಮಾರಪ್ಪನವರು ಅದರ ಕಾರ್ಯದರ್ಶಿಗಳಾದರು. ಜಮನಾಲಾಲ್ ಬಜಾಜರು ಕೊಟ್ಟ ತೋಟಮನೆಗೆ ಮಗನಲಾಲರ ನೆನಪಿಗಾಗಿ ಮಗನವಾಡಿಯೆಂದು ಹೆಸರಾಯಿತು. ಅಲ್ಲಿ ಗಾಣ, ಬೀಸುವ ಕಲ್ಲು, ಭತ್ತ ಕುಟ್ಟುವ ಸಾಧನ, ಕೈಕಾಗದ, ಜೇನುಸಾಕಣೆ, ಒಲೆ ಮೊದಲಾದವುಗಳನ್ನು ಪರೀಕ್ಷಿಸಿ ತಿದ್ದಲಾಯಿತು. ಸೀಮೆಎಣ್ಣೆಗೆ ಬದಲಾಗಿ ಗಾಣದ ಎಣ್ಣೆಯಿಂದ ಉರಿಯುವ ‘ಮಗನ ದೀಪ’ವೂ ಅಲ್ಲಿಯದೇ. ದೀಪವನ್ನು ಬದಲಿಸಿದರೆ ಗಾಣಿಗನಿಗೆ ಕೆಲಸ, ಹಿಂಡಿಯಿಂದ ದನಕ್ಕೆ ಮೇವು, ಊರ ಹಣ ಊರಿನಲ್ಲಿಯೇ—ಹೀಗೆ ಸರಪಳಿಯ ಕೊಂಡಿಗಳನ್ನು ಒಟ್ಟಾಗಿ ಕಾಣುವ ದೃಷ್ಟಿ ಮಗನವಾಡಿಯ ವೈಶಿಷ್ಟ್ಯವಾಗಿತ್ತು. 1938ರಲ್ಲಿ ತೆರೆದ ಮಗನ ಸಂಗ್ರಹಾಲಯವು ಈ ಸಾಧನಗಳನ್ನು ಜನರ ಮುಂದಿಟ್ಟಿತು.

ಸ್ವಾತಂತ್ರ್ಯಾನಂತರ ರಾಟೆಯ ಪ್ರಶ್ನೆಗೆ ದೊರೆತ ಪ್ರಮುಖ ಉತ್ತರ ಅಂಬರ ಚರಕ. ತಮಿಳುನಾಡಿನ ಏಕಾಂಬರನಾಥನ್ ಅವರು ಇದನ್ನು ರೂಪಿಸಿದರು. ಅವರ ಹೆಸರಿನ ಭಾಗವೇ ಚರಕಕ್ಕೆ ಹೆಸರಾಯಿತು. ಅಂಬರವೆಂದರೆ ಬಟ್ಟೆಯೆಂಬ ಅರ್ಥವೂ ಇರುವುದರಿಂದ ಹೆಸರು ಚೆನ್ನಾಗಿ ಒಪ್ಪಿತು. ಗಿರಣಿಯಲ್ಲಿರುವಂತೆ ಉರುಳೆಗಳ ನಡುವೆ ಅರಳೆಯ ಎಳೆಯನ್ನು ಸೆಳೆದು, ಉಂಗುರವುಳ್ಳ ಹಲವು ಕದಿರುಗಳ ಮೇಲೆ ಏಕಕಾಲಕ್ಕೆ ನೂಲುವುದು ಇದರ ತತ್ತ್ವ. ಎಳೆಯನ್ನು ಸಮನಾಗಿ ಸೆಳೆಯುವ ಕೌಶಲ ನೂಲುವವಳ ಬೆರಳಿನಿಂದ ಯಂತ್ರಕ್ಕೆ ವರ್ಗವಾಯಿತು. 1953ರಲ್ಲಿ ಅಖಿಲ ಭಾರತ ಖಾದಿ ಮತ್ತು ಗ್ರಾಮೋದ್ಯೋಗ ಮಂಡಲಿ ಸ್ಥಾಪನೆಯಾಯಿತು; 1956ರಲ್ಲಿ ಸರ್ಕಾರದ ಸಮಿತಿಯೊಂದು ಅಂಬರ ಚರಕವನ್ನು ಪರೀಕ್ಷಿಸಿತು; 1957ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕಾರ್ಯಾರಂಭ ಮಾಡಿತು. ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಗ್ರಾಮೀಣ ಉದ್ಯೋಗಾವಕಾಶದ ಸಾಧನವಾಗಿ ಅಂಬರಕ್ಕೆ ಸ್ಥಾನ ದೊರೆಯಿತು.

ಅಂಬರದಿಂದ ನೂಲು ಹಲವು ಪಟ್ಟು ಹೆಚ್ಚಿತು, ಕೂಲಿಯೂ ಹೆಚ್ಚಿತು, ಇದನ್ನು ಮನ್ನಿಸಲೇಬೇಕು. ಆದರೆ ಉರುಳೆ, ಉಂಗುರ, ಹಲ್ಲುಚಕ್ರಗಳು ಕಾರ್ಖಾನೆಯಿಂದ ಬರಬೇಕಾದವು. ಸವೆದ ಉರುಳೆಯನ್ನು ಊರಿನ ಕಮ್ಮಾರ ಮಾಡಿಕೊಡಲಾರ. ಹಂಜಿಗೂ ಹೆಚ್ಚು ಸಮನಾದ ಅರಳೆ ಬೇಕಾಯಿತು. ಹೀಗೆ ವಿಜಾಪುರದಲ್ಲಿ ಎದುರಾಗಿದ್ದ ಹಂಜಿಯ ಪ್ರಶ್ನೆಯೇ ಬೇರೊಂದು ರೂಪದಲ್ಲಿ ಮರಳಿ ಬಂದಿತು. ಬಿಡಿಭಾಗವನ್ನು ಕಾಲಕ್ಕೆ ಸರಿಯಾಗಿ ಒದಗಿಸುವ ಸಂಘವಿರುವೆಡೆ ಅಂಬರ ತಿರುಗಿತು. ಇಲ್ಲದೆಡೆ ಮೂಲೆ ಸೇರುವುದು ಅನಿವಾರ್ಯವಾಗಿತ್ತು.

ಈ ಅನುಭವ ನೂಲಿಗೆ ಮಾತ್ರ ಸೀಮಿತವಾದುದಲ್ಲವೆಂಬುದಕ್ಕೆ ಕರ್ನಾಟಕದ್ದೇ ಆದ ಒಂದು ನಿದರ್ಶನವಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ, ಗ್ರಾಮಗಳಿಗೆ ಒಪ್ಪುವ ತಂತ್ರಜ್ಞಾನದ ಶೋಧನೆಗಾಗಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ವಿಸ್ತರಣ ಕೇಂದ್ರವಾಯಿತು. ಅಲ್ಲಿ ರೂಪುಗೊಂಡ ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯು ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕಿತು. ಒಲೆ ಮಣ್ಣಿನದೇ ಆದರೂ ಉರಿಗೂಡಿನ ಅಳತೆ, ಪಾತ್ರೆಗಳ ನಡುವಣ ದಾರಿ, ಹೊಗೆಕೊಳವೆ ಸರಿಯಾಗಿದ್ದರೆ ಮಾತ್ರ ಗುಣ ಕಾಣುತ್ತದೆ. ಆದ್ದರಿಂದ ಒಲೆಯನ್ನು ಹಂಚುವುದಕ್ಕಿಂತ ಒಲೆ ಕಟ್ಟುವವರನ್ನು ತರಬೇತುಗೊಳಿಸುವುದೇ ಮುಖ್ಯ ಕಾರ್ಯವಾಯಿತು. ಸಮೀಪದ ಪುರ ಗ್ರಾಮದಲ್ಲಿ ಸಗಣಿಯ ಅನಿಲವನ್ನು ಮೊದಲು ಅಡಿಗೆಗಾಗಿ ಯೋಜಿಸಲಾಗಿತ್ತು. ಅದು ಮನೆಗಳಿಗೆಲ್ಲ ಸಾಲದೆಹೋದಾಗ, 1987ರಿಂದ ಅದೇ ಅನಿಲದಿಂದ ಎಂಜಿನನ್ನು ನಡೆಸಿ ಕುಡಿಯುವ ನೀರು ಮತ್ತು ದೀಪಗಳನ್ನು ಒದಗಿಸಲಾಯಿತು. ಊರಿನ ಯುವಕರೇ ಸ್ಥಾವರವನ್ನು ನಡೆಸಿದರು. ಸಗಣಿ ತಂದವರಿಗೆ ಅಲ್ಪ ಶುಲ್ಕವೂ, ಅನಿಲ ತೆಗೆದ ಬಳಿಕ ಉಳಿದ ಗೊಬ್ಬರವೂ ಸಲ್ಲುತ್ತಿದ್ದವು. ಆ ವ್ಯವಸ್ಥೆ ಶಾಶ್ವತವಾಗಿ ಉಳಿಯದಿದ್ದರೂ, ಸಾಧನದ ಜೊತೆಗೆ ಅದನ್ನು ನಡೆಸುವ ಕೈಗಳನ್ನೂ ಹಳ್ಳಿಯಲ್ಲಿಯೇ ಸಿದ್ಧಪಡಿಸಬೇಕೆಂಬ ಪಾಠವನ್ನು ಅದು ಕೊಟ್ಟಿತು.

ಮೇಲಿನ ವಿವೇಚನೆಯಿಂದ ಧನುಷ್ ತಕಲಿಯೇ ಶ್ರೇಷ್ಠ, ಅಂಬರವೇ ಹೀನ ಎಂಬ ತೀರ್ಮಾನಕ್ಕೆ ಬರುವುದು ಸಲ್ಲದು. ಬಡತನವನ್ನು ಕಳೆಯದ ಸ್ವಾತಂತ್ರ್ಯವೂ, ಬಿಡಿಭಾಗಕ್ಕಾಗಿ ಕಾಯುತ್ತ ಕುಳಿತ ಸಮೃದ್ಧಿಯೂ ಹಳ್ಳಿಗೆ ಸಾಲವು. ಎರಡರ ನಡುವೆ ದಾರಿ ಇದ್ದರೆ ಅದು ಊರಿನ ಬಡಗಿ, ಕಮ್ಮಾರ, ಒಲೆ ಕಟ್ಟುವ ಹೆಂಗಸು ಇವರ ಕೌಶಲವನ್ನು ಸಾಧನದ ಮಟ್ಟಕ್ಕೆ ಏರಿಸುವುದರಲ್ಲಿದೆ. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೌರ ಚರಕ ಯೋಜನೆಯನ್ನು ಅಳೆಯುವಾಗಲೂ ಇದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ನಮ್ಮ ಜಿಲ್ಲೆಗಳ ಖಾದಿ ಕೇಂದ್ರಗಳ ಇತಿಹಾಸವನ್ನು ಬರೆಯುವ ವಿದ್ಯಾರ್ಥಿಗಳು ಉತ್ಪಾದನೆಯ ಅಂಕಿಗಳೊಂದಿಗೆ ದುರಸ್ತಿಯ ಬಾಬಿನ ಲೆಕ್ಕವನ್ನೂ ನೋಡಬೇಕು. ಎಷ್ಟು ರಾಟೆಗಳನ್ನು ಹಂಚಲಾಯಿತೆಂಬುದರ ಜೊತೆಗೆ, ಅವನ್ನು ಸರಿಪಡಿಸಲು ಯಾರಿಗೆ ಎಷ್ಟು ಕೂಲಿ ಸಂದಿತು, ಅವರು ಯಾವ ಊರಿನವರು ಎಂಬುದನ್ನು ಗುರುತಿಸಿದರೆ, ಗ್ರಾಮಸ್ವಾವಲಂಬನೆ ಎಲ್ಲಿ ಬೇರೂರಿತು, ಎಲ್ಲಿ ಹೆಸರಿಗೆ ಮಾತ್ರ ಉಳಿಯಿತು ಎಂಬುದನ್ನು ನಿರ್ಣಯಿಸಲು ಸಾಧ್ಯವಾದೀತು.