ಕಗ್ಗದಾಸಪುರದ ರೈಲ್ವೆ ಗೇಟು ಮತ್ತು ಸಾರಿಗೆಯ ಹಣ

ಬೆಂಗಳೂರಿನ ನಗರ ಸಾರಿಗೆಯನ್ನು ಸರ್ಕಾರ ಖಾಸಗಿ ಕಂಪನಿಯಿಂದ ತನ್ನ ವಶಕ್ಕೆ ಪಡೆದದ್ದು 1956ರಲ್ಲಿ. ಅಂದು ಹುಟ್ಟಿದ ಬಿಟಿಎಸ್ 1997ರ ಆಗಸ್ಟ್ 15ರಂದು ಬಿಎಂಟಿಸಿ ಎಂಬ ಪ್ರತ್ಯೇಕ ನಿಗಮವಾಯಿತಾದರೂ, ಡೀಸೆಲ್ಲಿಗೂ ಸಂಬಳಕ್ಕೂ ಅದು ಮುಖ್ಯವಾಗಿ ನೆಚ್ಚಿಕೊಂಡದ್ದು ಪ್ರಯಾಣಿಕರ ಟಿಕೆಟ್ ಹಣವನ್ನೇ. ಕೆರೆಯಂಚಿನ ಹಳ್ಳಿಯಾಗಿದ್ದ ಕಗ್ಗದಾಸಪುರ, ಎಚ್‌ಎಎಲ್ ಕಾರ್ಖಾನೆ ಮತ್ತು ಸಿ.ವಿ. ರಾಮನ್ ನಗರದ ರಕ್ಷಣಾ ಸಂಶೋಧನಾಲಯಗಳ ನೆರೆಯಲ್ಲಿ, ಆಮೇಲೆ ಬಾಗ್ಮನೆ ಟೆಕ್ ಪಾರ್ಕಿನ ಮಗ್ಗುಲಲ್ಲಿ, ಬಡಾವಣೆಗಳಾಗಿ ಬೆಳೆದದ್ದು ಈ ಅವಧಿಯಲ್ಲಿಯೇ.

ಹೀಗೆ ಬೆಳೆಯುವ ನೆಲದಿಂದ ಸಾರಿಗೆಗೆ ಹಣ ಎತ್ತುವ ದಾರಿಯೊಂದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 18-ಎ ಪ್ರಕರಣದಲ್ಲಿದೆ. ಭೂಮಿ, ಕಟ್ಟಡಗಳ ಅಭಿವೃದ್ಧಿಗೆ ಅನುಮತಿ ಕೊಡುವಾಗ ನೀರು ಸರಬರಾಜು ಮತ್ತು ಕೊಳೆಗೇರಿ ಸುಧಾರಣೆಗಾಗಿ ಸೆಸ್ಸನ್ನೂ, ವರ್ತುಲ ರಸ್ತೆ ಮತ್ತು ಸಮೂಹ ಕ್ಷಿಪ್ರ ಸಾರಿಗೆಗಾಗಿ, ಅಂದರೆ ಮೆಟ್ರೊದಂಥ ವ್ಯವಸ್ಥೆಗಾಗಿ, ಮೇಲ್ತೆರಿಗೆಯನ್ನೂ ವಸೂಲು ಮಾಡಲು ಅದು ಅವಕಾಶ ಕೊಡುತ್ತದೆ. ರಸ್ತೆಗೂ ರೈಲಿಗೂ ಒಂದೇ ಪ್ರಕರಣದಲ್ಲಿ ಸ್ಥಾನವಿದ್ದರೂ ಮೊದಲು ಸಿದ್ಧವಾದದ್ದು ವರ್ತುಲ ರಸ್ತೆ; ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಓಡಿದ್ದು 2011ರ ಅಕ್ಟೋಬರ್ 20ರಂದು. ಅಷ್ಟರಲ್ಲಿ ಪೂರ್ವ ಬೆಂಗಳೂರಿನ ಮನೆಗಳಿಗೆ ಕಾರು ಬಂದಾಗಿತ್ತು.

ಕಗ್ಗದಾಸಪುರ ಮುಖ್ಯರಸ್ತೆಯನ್ನು ಸೇಲಂ ರೈಲುಮಾರ್ಗ ಅಡ್ಡಹಾಯುವ ಗೇಟಿನಲ್ಲಿ ಇದರ ಪರಿಣಾಮ ದಶಕಗಳಿಂದ ಕಣ್ಣಿಗೆ ಬೀಳುತ್ತ ಬಂದಿದೆ: ಗೇಟು ಬಿದ್ದೊಡನೆ ಎರಡೂ ಬದಿಯಲ್ಲಿ ಬೈಕು, ಆಟೊ, ಕಾರುಗಳು ರಸ್ತೆಯ ಪೂರ್ತಿ ಅಗಲಕ್ಕೆ ಒತ್ತರಿಸಿಕೊಳ್ಳುತ್ತವೆ, ಹತ್ತಾರು ಜನರನ್ನು ಹೊತ್ತ ಬಸ್ಸು ಒಬ್ಬರೇ ಕುಳಿತ ಕಾರಿನ ಹಿಂದೆ ಕಾಯುತ್ತದೆ, ಇಲ್ಲಿ ನಿಲ್ದಾಣವೇ ಇಲ್ಲದ ರೈಲು ಇವರೆಲ್ಲರ ಮುಂದೆ ಹಾದುಹೋಗುತ್ತದೆ.

ರಸ್ತೆಯ ಜಾಗ ವಾಹನಗಳಿಗಿಂತ ಜನರಿಗೆ ಸಲ್ಲಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿತ್ತು. 2010ರ ಫೆಬ್ರುವರಿಯಲ್ಲಿ ಆರಂಭವಾದ, ತಿಂಗಳ ನಾಲ್ಕನೆಯ ತಾರೀಖಿನ ‘ಬಸ್ ದಿನ’ ಕಾರು ಬಿಟ್ಟು ಬಸ್ಸು ಹತ್ತಿರೆಂಬ ಕೇವಲ ಮನವಿಯಾಗಿತ್ತು. 2019ರಲ್ಲಿ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಬಸ್ಸುಗಳಿಗೇ ಮೀಸಲಾದ ಆದ್ಯತಾ ಪಥ ಮಾತ್ರ ಕಾರಿನಿಂದ ನಿಜವಾಗಿಯೂ ಜಾಗ ಕಸಿದುಕೊಂಡ ಕ್ರಮ. ಅದೂ ಮೆಟ್ರೊ ಕಾಮಗಾರಿಗೆ ದಾರಿ ಬಿಟ್ಟುಕೊಟ್ಟಿತು. 2021ರ ವಾಹನ ನಿಲುಗಡೆ ನೀತಿ ಬಹುಮಟ್ಟಿಗೆ ಕಾಗದದಲ್ಲೇ ಉಳಿದಿದೆ.

2023ರ ಜೂನ್ 11ರಿಂದ, ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಮಹಿಳೆಯರ ಟಿಕೆಟ್ ಹಣವನ್ನು ರಾಜ್ಯದ ಬೊಕ್ಕಸಕ್ಕೆ ವರ್ಗಾಯಿಸಿದ್ದು, 1956ರ ಬಳಿಕ ಸಾರಿಗೆಯ ಹಣಕಾಸಿನಲ್ಲಾದ ಅತಿ ದೊಡ್ಡ ಬದಲಾವಣೆ ಎನ್ನಬೇಕು. ಆದರೆ 2025ರ ಜನವರಿಯಲ್ಲಿ ಬಸ್ ದರ ಶೇ. 15ರಷ್ಟು ಏರಿತು, ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಯಾಯಿತು. ಕಾರು ಬೀದಿಬದಿಯಲ್ಲಿ ಪುಕ್ಕಟೆ ನಿಲ್ಲುವುದು ಮಾತ್ರ ತಪ್ಪಲಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿದ, 15,767 ಕೋಟಿ ರೂಪಾಯಿಯ ಉಪನಗರ ರೈಲು ಯೋಜನೆಯ ಕನಕ ಮಾರ್ಗದಲ್ಲಿ ಕಗ್ಗದಾಸಪುರಕ್ಕೂ ಒಂದು ನಿಲ್ದಾಣ ನಿಗದಿಯಾಗಿದೆ. ಅದು ಬರುವವರೆಗೆ ಕಾಯದೆ, ಬೀದಿಬದಿ ನಿಲ್ಲುವ ಕಾರಿನಿಂದ ಶುಲ್ಕ ಎತ್ತಿ, ಆ ಹಣದಿಂದ ಇಲ್ಲಿನ ಓಣಿಗಳನ್ನು ಬೈಯಪ್ಪನಹಳ್ಳಿ ನಿಲ್ದಾಣಕ್ಕೆ ಜೋಡಿಸುವ ಸಣ್ಣ ಬಸ್ಸುಗಳನ್ನು ಓಡಿಸುವುದು ಸರ್ಕಾರ ಈಗಲೇ ಮಾಡಬೇಕಾದ ಕೆಲಸ.