ಬೊಮ್ಮಾಯಿ, ಎಸ್. ಆರ್. (1924–2007)

ವಕೀಲ, ಕರ್ನಾಟಕದ ಮುಖ್ಯಮಂತ್ರಿ, ಕೇಂದ್ರ ಸಚಿವ. ಸೋಮಪ್ಪ ರಾಯಪ್ಪ ಬೊಮ್ಮಾಯಿ ಹುಟ್ಟಿದ್ದು 1924ರ ಜೂನ್ 6ರಂದು, ಶಿಗ್ಗಾಂವಿ ತಾಲ್ಲೂಕಿನ ಕಾರಡಗಿಯಲ್ಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂತೆ ಶಿಗ್ಗಾಂವಿಯೂ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು; ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪ 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದಾಗ ಬೊಮ್ಮಾಯಿ ಇನ್ನೂ ಹದಿಹರೆಯದವರು. ಸ್ವಾತಂತ್ರ್ಯ ಹೋರಾಟ ಮತ್ತು ಏಕೀಕರಣ ಚಳವಳಿ ಅವರನ್ನು ಸಾರ್ವಜನಿಕ ಬದುಕಿಗೆ ಎಳೆದವು, ಎಂ. ಎನ್. ರಾಯ್ ಅವರ ಮಾನವತಾವಾದ ವಿಚಾರಕ್ಕೆ ದಿಕ್ಕು ತೋರಿತು.

ಹುಬ್ಬಳ್ಳಿಯಲ್ಲಿ ವಕೀಲಿ ನಡೆಸಿದ ಅವರು 1967ರಲ್ಲಿ ಕುಂದಗೋಳದಿಂದ ವಿಧಾನಸಭೆಗೆ ಬಂದರು. ಮುಂದೆ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವರಾದರು. ಹೆಗಡೆ ರಾಜೀನಾಮೆ ಕೊಟ್ಟ ಮೇಲೆ, 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು.

ಅಧಿಕಾರ ಉಳಿದದ್ದು ಎಂಟು ತಿಂಗಳು ಮಾತ್ರ. 1989ರ ಏಪ್ರಿಲ್‌ನಲ್ಲಿ ಪಕ್ಷ ಬಿಟ್ಟ ಶಾಸಕ ಕೆ. ಆರ್. ಮೊಳಕೇರಿ, ಸರ್ಕಾರಕ್ಕೆ ಬೆಂಬಲ ಹಿಂತೆಗೆದ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಕೊಟ್ಟರು. ಮರುದಿನವೇ ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. ಆ ಶಾಸಕರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ಸಹಿ ಪಡೆದರೆಂದು ಬರೆದು ತಿರುಗಿ ಬಂದರು. ಸದನ ಕರೆಯಿರಿ, ಅಲ್ಲೇ ಬಹುಮತ ತೋರಿಸುತ್ತೇನೆ ಎಂಬ ಬೊಮ್ಮಾಯಿಯವರ ಕೋರಿಕೆಗೆ ಬೆಲೆ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಇದು ಅನ್ಯಾಯವೆಂಬುದರಲ್ಲಿ ಇಂದು ಅನುಮಾನ ಉಳಿದಿಲ್ಲ.

ವಕೀಲ ಬೊಮ್ಮಾಯಿ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ವಜಾ ಮಾಡಿತು. ಅವರು ಬಿಡಲಿಲ್ಲ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತಿತು: ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ, ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಬಳಕೆ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟದ್ದು, ಸಂಸತ್ತಿನ ಉಭಯ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಅಂಗ. ಕರ್ನಾಟಕದ ವಜಾ ಅಸಾಂವಿಧಾನಿಕವೆಂದು ಸಾರಿದರೂ, ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಿದ್ದರಿಂದ ಬೊಮ್ಮಾಯಿಯವರಿಗೆ ದಕ್ಕಿದ್ದೇನೂ ಇಲ್ಲ. ದಕ್ಕಿದ್ದು ರಾಜ್ಯಗಳಿಗೆ. ಅದುವರೆಗೆ 90ಕ್ಕೂ ಹೆಚ್ಚು ಸಲ ಬಳಕೆಯಾಗಿದ್ದ 356ನೇ ವಿಧಿಯ ಓಟಕ್ಕೆ ಈ ತೀರ್ಪು ಕಡಿವಾಣ ಹಾಕಿತು. 2016ರಲ್ಲಿ ಉತ್ತರಾಖಂಡ, 2018ರಲ್ಲಿ ಕರ್ನಾಟಕದ ವಿಧಾನಸಭೆಗಳಲ್ಲಿ ವಿಶ್ವಾಸಮತ ನಡೆಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದರ ಹಿಂದೆ ಇದೇ ತತ್ತ್ವವಿದೆ. ಕರ್ನಾಟಕದ ಮುಖ್ಯಮಂತ್ರಿಗಳಲ್ಲಿ ಇಷ್ಟು ವಿಶಾಲವಾದ ಫಲ ಬಿಟ್ಟುಹೋದವರು ವಿರಳ.

ಬೊಮ್ಮಾಯಿ ಜನತಾದಳದ ರಾಷ್ಟ್ರೀಯ ಅಧ್ಯಕ್ಷರಾಗಿ, ರಾಜ್ಯಸಭಾ ಸದಸ್ಯರಾಗಿ, 1996–98ರಲ್ಲಿ ದೇವೇಗೌಡ ಮತ್ತು ಗುಜ್ರಾಲ್ ಸರ್ಕಾರಗಳಲ್ಲಿ ಮಾನವ ಸಂಪನ್ಮೂಲ ಸಚಿವರಾಗಿ ದುಡಿದರು. ನಿಧನ: 2007ರ ಅಕ್ಟೋಬರ್ 10. ಮಗ ಬಸವರಾಜ ಬೊಮ್ಮಾಯಿ 2021ರಲ್ಲಿ ಮುಖ್ಯಮಂತ್ರಿಯಾದರು. 2024ರಲ್ಲಿ ಹಾವೇರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು.